ರಕ್ತದಲ್ಲಿ ಪದಕ ಇರುವುದಿಲ್ಲ

ಮಂಗೋಲಿಯಾದ ಜೂಡೊ ಪಟುವೊಬ್ಬರು ಒಲಿಂಪಿಕ್ಸ್‌ನಲ್ಲೋ ಏಷ್ಯನ್ ಗೇಮ್ಸ್‌ನಲ್ಲೋ ಪದಕ ಗೆದ್ದರೆ ಆ ಸುದ್ದಿಯ ಬೆನ್ನಿಗೇ ಚೆಂಗೀಸ್ ಖಾನನ ಹೆಸರು ಬರುತ್ತದೆ. ಹುಲ್ಲುಗಾವಲು, ಕುದುರೆ, ಅಲೆಮಾರಿ ಬದುಕು, ತಲೆತಲಾಂತರದ ಕುಸ್ತಿ: ಇಷ್ಟು ಹೇಳಿದರೆ ಗೆಲುವಿನ ಕಾರಣ ಹೇಳಿದಂತಾಯಿತು ಎಂಬ ನೆಮ್ಮದಿ ಬರೆಯುವವರಿಗೂ ಇದೆ, ಓದುವವರಿಗೂ ಇದೆ. ಡಚ್ಚರು ಸ್ಕೇಟಿಂಗ್‌ನಲ್ಲಿ ಗೆದ್ದರೆ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕಾಲುವೆಗಳೇ ಕಾರಣ. ಕೊಡಗಿನ ಹುಡುಗನೊಬ್ಬ ಭಾರತ ತಂಡಕ್ಕೆ ಆಯ್ಕೆಯಾದರೆ ಹಾಕಿ ಅವರ ರಕ್ತದಲ್ಲೇ ಇದೆ. ನೋಡಲು ಮೂರು ಮಾತು, ಒಳಗಿನ ವಾದ ಒಂದೇ. ಒಂದು ಜನಾಂಗ ತನ್ನ ಮಣ್ಣು ಮತ್ತು ರಕ್ತದಿಂದಲೇ ಒಂದು ಆಟಕ್ಕೆ ಗೊತ್ತಾಗಿರುತ್ತದೆ, ಪದಕವೆಂದರೆ ಆ ಗೊತ್ತಾದದ್ದು ಒಂದು ದಿನ ಹೊರಗೆ ಬರುವುದು.

ನಾನಿದನ್ನು ಒಪ್ಪುವುದಿಲ್ಲ. ಹೊಗಳಿಕೆಯ ರೂಪದಲ್ಲಿ ಬರುವ ವಾದವಾದ್ದರಿಂದ ಇದರ ಮೇಲೆ ಯಾರೂ ಜಗಳ ತೆಗೆಯುವುದಿಲ್ಲ. ಹೊಗಳಿಸಿಕೊಂಡವರಿಗೂ ಇದು ಹಿತವಾಗಿಯೇ ಕೇಳುತ್ತದೆ. ಆದರೆ ಇದು ಮಾಡುವ ಕೆಲಸ ಎರಡು, ಎರಡೂ ಕೆಟ್ಟವು. ಆಟಗಾರ ಹತ್ತು ವರ್ಷ ಬೆವರು ಸುರಿಸಿ ಗಳಿಸಿದ್ದನ್ನು ಇದು ಅವನ ಅಜ್ಜನ ಖಾತೆಗೆ ಜಮಾ ಮಾಡುತ್ತದೆ. ಮೈದಾನ, ತರಬೇತಿ, ಊಟ, ಕೆಲಸದ ಭದ್ರತೆ ಒದಗಿಸಬೇಕಾದವರನ್ನು ಸದ್ದಿಲ್ಲದೆ ಹೊಣೆಯಿಂದ ಬಿಡಿಸುತ್ತದೆ. ರಕ್ತದಲ್ಲೇ ಇರುವುದಕ್ಕೆ ಬಜೆಟ್ ಯಾಕೆ ಬೇಕು?

ನಾನು ಬದುಕು ಕಟ್ಟಿಕೊಂಡಿರುವ ನೆದರ್ಲೆಂಡ್ಸ್ ಈ ಮಾತನ್ನು ಒರೆಗೆ ಹಚ್ಚಲು ತಕ್ಕ ಜಾಗ. ಮಂಗೋಲಿಯಾದ ಕಥೆಯೂ ಕೊಡಗಿನ ಕಥೆಯೂ ಈ ದೇಶವನ್ನು ಹಾದು ಹೋಗಿವೆ. 2009ರ ಆಗಸ್ಟ್‌ನಲ್ಲಿ ರಾಟರ್‌ಡ್ಯಾಮ್‌ನ ಅಹೊಯ್ ಸಭಾಂಗಣದಲ್ಲಿ ನಡೆದ ವಿಶ್ವ ಜೂಡೊ ಚಾಂಪಿಯನ್‌ಷಿಪ್‌ನ 66 ಕೆ.ಜಿ. ವಿಭಾಗದಲ್ಲಿ ಮಂಗೋಲಿಯಾದ ಖಾಶ್‌ಬಾತರ್ ತ್ಸಗಾನ್‌ಬಾತರ್ ಚಿನ್ನ ಗೆದ್ದರು. 1973ರ ಸೆಪ್ಟೆಂಬರ್ 2ರಂದು ಆಮ್‌ಸ್ಟರ್‌ಡ್ಯಾಮ್‌ಗೆ ಅಂಟಿಕೊಂಡಿರುವ ಆಮ್ಸ್ಟೆಲ್‌ವೀನ್‌ನಲ್ಲಿ, ಕೊಡಗಿನ ನಾಯಕನ ಭಾರತ ತಂಡ ವಿಶ್ವಕಪ್ ಹಾಕಿ ಫೈನಲ್ ಸೋತಿತು. ಈ ಗೆಲುವಿಗೂ ಆ ಸೋಲಿಗೂ ನಾವು ಹೇಳಿಕೊಂಡು ಬಂದ ಕಾರಣಗಳು ನಿಲ್ಲುವುದಿಲ್ಲ.

ಮೊದಲು ಮಂಗೋಲಿಯಾ. ಪ್ರತಿ ಜುಲೈನಲ್ಲಿ ಅಲ್ಲಿ ನಾದಮ್ ಹಬ್ಬ ನಡೆಯುತ್ತದೆ. ಆಟಗಳು ಮೂರು: ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ. ಮೂರೂ ಹಳೆಯವು, ಮೂರಕ್ಕೂ ಮರ್ಯಾದೆ ಇದೆ. ಚೆಂಗೀಸ್ ಖಾನನ ಸೈನ್ಯ ಜಗತ್ತನ್ನು ನಡುಗಿಸಿದ್ದಂತೂ ಕುಸ್ತಿಯಿಂದಲ್ಲ, ಕುದುರೆ ಮತ್ತು ಬಿಲ್ಲಿನಿಂದ. ಪರಂಪರೆ ತಾನಾಗಿಯೇ ಪದಕವಾಗುವುದು ನಿಜವಾದರೆ ಒಲಿಂಪಿಕ್ಸ್‌ನ ಬಿಲ್ಲುಗಾರಿಕೆಯಲ್ಲೂ ಕುದುರೆ ಸವಾರಿಯಲ್ಲೂ ಮಂಗೋಲಿಯಾ ಮುಂದಿರಬೇಕಿತ್ತು. ಈ ಎರಡರಲ್ಲೂ ಆ ದೇಶಕ್ಕೆ ಇಂದಿಗೂ ಒಂದೇ ಒಂದು ಒಲಿಂಪಿಕ್ ಪದಕವಿಲ್ಲ. ಕುದುರೆ ಸವಾರಿಯ ಡ್ರೆಸಾಜ್‌ನಲ್ಲಿ 2000, 2004, 2008ರ ಮೂರು ಒಲಿಂಪಿಕ್ಸ್‌ನಲ್ಲಿ ಸಾಲಾಗಿ ವೈಯಕ್ತಿಕ ಚಿನ್ನ ಗೆದ್ದವರು ಡಚ್ ಮಹಿಳೆ ಆಂಕಿ ಫಾನ್ ಗ್ರುನ್ಸ್‌ವೆನ್. ಹುಲ್ಲುಗಾವಲಿನ ಮಕ್ಕಳು ನಡೆಯಲು ಕಲಿಯುವ ವಯಸ್ಸಿಗೇ ಕುದುರೆ ಏರುತ್ತಾರೆ. ಆದರೆ ಒಲಿಂಪಿಕ್ ಸವಾರಿಗೆ ಬೇಕಾದದ್ದು ಆ ಕುದುರೆಯೂ ಅಲ್ಲ, ಆ ಸವಾರಿಯೂ ಅಲ್ಲ. ವರ್ಷಾನುಗಟ್ಟಲೆ ಪಳಗಿಸಿದ ಬೇರೆಯೇ ತಳಿಯ ಕುದುರೆ, ಅದನ್ನು ವಿಮಾನದಲ್ಲಿ ಊರೂರಿಗೆ ಸಾಗಿಸುವ ಹಣ, ಪಶುವೈದ್ಯರು, ಒಳಾಂಗಣ, ಪ್ರಾಯೋಜಕರು ಬೇಕು. ಅದು ಉಲಾನ್‌ಬಾತರ್‌ನಲ್ಲಿ ಇಲ್ಲ, ಇಲ್ಲಿ ಇದೆ.

ಇನ್ನೊಂದು ಸಾಕ್ಷಿ ಇದಕ್ಕಿಂತ ಗಟ್ಟಿ. ನಾದಮ್‌ನ ಕುಸ್ತಿ ಗಂಡಸರದು ಮಾತ್ರ. ಕುಸ್ತಿಪಟು ತೊಡುವ ಅಂಗಿಯ ಎದೆ ಪೂರ್ತಿ ತೆರೆದಿರುತ್ತದೆ. ಹಿಂದೆ ಒಬ್ಬ ಹೆಣ್ಣು ಗಂಡಸಿನ ವೇಷದಲ್ಲಿ ಬಂದು ಎಲ್ಲರನ್ನೂ ಕೆಡವಿದಳು, ಇನ್ನು ಹಾಗಾಗದಿರಲೆಂದು ಅಂಗಿಯನ್ನು ಹೀಗೆ ಕತ್ತರಿಸಿದರು ಎಂಬುದು ಅಲ್ಲಿನ ಐತಿಹ್ಯ. ಹೆಣ್ಣನ್ನು ಹೊರಗಿಟ್ಟದ್ದಕ್ಕೆ ಹೆಮ್ಮೆಯಿಂದ ಕಥೆ ಕಟ್ಟಿಕೊಂಡ ಪರಂಪರೆ ಅದು. ಈಗ ಪದಕಪಟ್ಟಿ ನೋಡಿ. 2012ರ ಲಂಡನ್‌ನಲ್ಲಿ ಕುಸ್ತಿಯ ಕಂಚು ಸೊರೊನ್‌ಜೊನ್‌ಬೋಲ್ದ್ ಬತ್‌ತ್ಸೆತ್ಸೆಗ್ ಅವರದು. 2016ರ ರಿಯೊದಲ್ಲಿ ಜೂಡೊ ಬೆಳ್ಳಿ ದೋರ್ಜ್‌ಸುರೆನ್ ಸುಮಿಯಾ ಅವರದು. ಟೋಕಿಯೊದಲ್ಲಿ ಮುಂಖ್‌ಬಾತ್ ಉರಾಂತ್ಸೆತ್ಸೆಗ್ ಕಂಚು ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಮಂಗೋಲಿಯಾಕ್ಕೆ ಬಂದ ಒಂದೇ ಪದಕ, 48 ಕೆ.ಜಿ. ಜೂಡೊದ ಬೆಳ್ಳಿ, ಬಾವುದೋರ್ಜ್ ಬಾಸಂಖು ಅವರದು. ಎಲ್ಲರೂ ಹೆಂಗಸರು. ಪರಂಪರೆ ಇವರನ್ನು ಕಣಕ್ಕೆ ಕಳಿಸಲಿಲ್ಲ. ಅದು ಮುಚ್ಚಿಟ್ಟಿದ್ದ ಬಾಗಿಲನ್ನು ಆಧುನಿಕ ಕ್ರೀಡಾ ಸಂಸ್ಥೆಗಳು ತೆರೆದ ಮೇಲೆ ಇವರು ಬಂದರು. ಇವರ ಗೆಲುವಿಗೂ ಚೆಂಗೀಸ್ ಖಾನನನ್ನೇ ಕರೆಯುವುದು ಅನ್ಯಾಯ.

ಹಾಗಾದರೆ ಕಾರಣವೇನು? ಇಸವಿಗಳನ್ನು ಜೋಡಿಸಿದರೆ ತಿಳಿಯುತ್ತದೆ. ಮಂಗೋಲಿಯಾ ಮೊದಲು ಒಲಿಂಪಿಕ್ಸ್‌ಗೆ ಬಂದದ್ದು 1964ರಲ್ಲಿ. 1968ರ ಮೆಕ್ಸಿಕೊದಲ್ಲಿ ನಾಲ್ಕು ಪದಕ, ನಾಲ್ಕೂ ಕುಸ್ತಿಯಲ್ಲಿ, ಅದರಲ್ಲಿ ಜಿಗ್‌ಜಿದ್ ಮುಂಖ್‌ಬಾತ್ ಅವರ ಬೆಳ್ಳಿಯೂ ಒಂದು. ಅದೇ ಮೆಕ್ಸಿಕೊದಿಂದ ಭಾರತ ತಂದದ್ದು ಹಾಕಿಯ ಒಂದು ಕಂಚು. ಅಂದು ಮಂಗೋಲಿಯಾ ಸೋವಿಯತ್ ಬಣದಲ್ಲಿತ್ತು. ಸೈನ್ಯಕ್ಕೊಂದು, ಪೊಲೀಸರಿಗೊಂದು ಕ್ರೀಡಾ ಸಂಘ, ಸರ್ಕಾರದ ಸಂಬಳ, ರಷ್ಯನ್ ತರಬೇತಿ ಪದ್ಧತಿ, ಸ್ಯಾಂಬೊ ಎಂಬ ಸೋವಿಯತ್ ಕುಸ್ತಿಯ ಅಭ್ಯಾಸ ಎಲ್ಲವೂ ಇದ್ದವು. 1990ರಲ್ಲಿ ಆ ವ್ಯವಸ್ಥೆ ಕುಸಿಯಿತು. 1996ರಲ್ಲಿ ಒಂದು ಕಂಚು. 2000ದ ಸಿಡ್ನಿಯಲ್ಲಿ ಸೊನ್ನೆ. 2004ರ ಅಥೆನ್ಸ್‌ನಲ್ಲಿ ಮತ್ತೆ ಒಂದೇ ಕಂಚು, ಮುಂದೆ ರಾಟರ್‌ಡ್ಯಾಮ್‌ನಲ್ಲಿ ಗೆದ್ದ ಅದೇ ತ್ಸಗಾನ್‌ಬಾತರ್ ಅವರದು. 2008ರ ಬೀಜಿಂಗ್‌ನಲ್ಲಿ ಇದ್ದಕ್ಕಿದ್ದಂತೆ ಎರಡು ಚಿನ್ನ, ಎರಡು ಬೆಳ್ಳಿ. ಜೂಡೊದಲ್ಲಿ ನೈದಾನ್ ತುವ್‌ಶಿನ್‌ಬಾಯರ್, ಬಾಕ್ಸಿಂಗ್‌ನಲ್ಲಿ ಎಂಖ್‌ಬಾತ್ ಬದರ್-ಊಗನ್. ಇಂದಿಗೂ ಆ ದೇಶದ ಒಲಿಂಪಿಕ್ ಚಿನ್ನ ಈ ಎರಡೇ.

ಸಿಡ್ನಿಯಿಂದ ಬೀಜಿಂಗ್‌ಗೆ ಎಂಟು ವರ್ಷ. ಅಷ್ಟರಲ್ಲಿ ಯಾರ ರಕ್ತವೂ ಬದಲಾಗಿರಲಿಲ್ಲ. ಬದಲಾದದ್ದು ಹಣ ಮತ್ತು ಆಡಳಿತ. ಗಣಿಗಾರಿಕೆಯಿಂದ ದೇಶದ ಕೈಯಲ್ಲಿ ದುಡ್ಡು ಓಡಾಡತೊಡಗಿತ್ತು. ಜೂಡೊ ಸಂಸ್ಥೆಯ ಚುಕ್ಕಾಣಿ ಖಾಲ್ತ್‌ಮಾ ಬತ್ತುಲ್ಗಾ ಅವರ ಕೈಗೆ ಬಂದಿತ್ತು. ಅವರು ಸ್ವತಃ ಸ್ಯಾಂಬೊ ಪಟು, ದೊಡ್ಡ ಉದ್ಯಮಿ, ಮುಂದೆ 2017ರಲ್ಲಿ ದೇಶದ ಅಧ್ಯಕ್ಷರೂ ಆದರು. ಅವರ ರಾಜಕೀಯವನ್ನು ಒಪ್ಪಬೇಕಿಲ್ಲ. ಆದರೆ ಬೀಜಿಂಗ್ ಮತ್ತು ರಾಟರ್‌ಡ್ಯಾಮ್‌ನ ಗೆಲುವುಗಳಿಗೆ ಕಾರಣ ಹುಡುಕುವವರು ಹದಿಮೂರನೇ ಶತಮಾನಕ್ಕೆ ಹೋಗುವ ಮೊದಲು ಆ ಕಚೇರಿಯ ಬಾಗಿಲು ತಟ್ಟಬೇಕು.

ಟೋಕಿಯೊದಲ್ಲಿ ಮಂಗೋಲಿಯಾಕ್ಕೆ ಸಿಕ್ಕ ಅತಿ ದೊಡ್ಡ ಪದಕ ಜೂಡೊ ಬೆಳ್ಳಿ. ಅದನ್ನು ಗೆದ್ದ ಸಯೀದ್ ಮೊಲ್ಲಾಯಿ ಹುಟ್ಟಿದ್ದು ಇರಾನ್‌ನಲ್ಲಿ. 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಸ್ರೇಲಿ ಎದುರಾಳಿಯನ್ನು ತಪ್ಪಿಸಲು ಬೇಕೆಂದೇ ಸೋಲು ಎಂಬ ಒತ್ತಡ ಅವರ ಮೇಲೆ ಬಂತು. ಅವರು ದೇಶ ಬಿಟ್ಟರು, ಮಂಗೋಲಿಯಾ ಪೌರತ್ವ ಕೊಟ್ಟಿತು. ಇಲ್ಲಿ ಯಾವ ಹುಲ್ಲುಗಾವಲಿನ ರಕ್ತವಿದೆ? ಅದೇ ಟೋಕಿಯೊದಲ್ಲಿ ನೆದರ್ಲೆಂಡ್ಸ್‌ಗೆ 5,000 ಮತ್ತು 10,000 ಮೀಟರ್ ಓಟದ ಚಿನ್ನ ತಂದ ಸಿಫಾನ್ ಹಸನ್ ಇಥಿಯೋಪಿಯಾದಿಂದ ಹದಿಹರೆಯದಲ್ಲಿ ನಿರಾಶ್ರಿತರಾಗಿ ಬಂದವರು. ಅವರ ಓಟವನ್ನು ಪೂರ್ವ ಆಫ್ರಿಕಾದ ಎತ್ತರದ ನೆಲದ ಖಾತೆಗೆ ಬರೆಯುವವರಿದ್ದಾರೆ. ಸಿಫಾನ್ ಅಥ್ಲೀಟ್ ಆಗಿ ಬೆಳೆದದ್ದು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಕಾಲು ಭಾಗ ದೇಶವೇ ಇರುವ ಈ ನಾಡಿಗೆ ಬಂದ ಮೇಲೆ.

ಡಚ್ಚರ ಬಗ್ಗೆ ಇರುವ ಕಾಲುವೆಯ ಕಥೆಯನ್ನು ಇಲ್ಲೇ ಮುಗಿಸುತ್ತೇನೆ, ಅದಕ್ಕೆ ಹೆಚ್ಚು ಮಾತು ಬೇಕಿಲ್ಲ. ಫ್ರೀಸ್ಲಾಂಡ್‌ನ ಹನ್ನೊಂದು ಊರುಗಳನ್ನು ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಸುತ್ತುವ, ಸುಮಾರು 200 ಕಿಲೋಮೀಟರಿನ ಆ ಪ್ರಸಿದ್ಧ ಸ್ಪರ್ಧೆ ಕೊನೆಯ ಬಾರಿ ನಡೆದದ್ದು 1997ರ ಜನವರಿ 4ರಂದು. ಆಮೇಲೆ ಸ್ಪರ್ಧೆ ನಡೆಸುವಷ್ಟು ಗಟ್ಟಿಯಾಗಿ ಕಾಲುವೆಗಳು ಹೆಪ್ಪುಗಟ್ಟಿಲ್ಲ. 2014ರ ಸೋಚಿ ಒಲಿಂಪಿಕ್ಸ್‌ನ ಸ್ಪೀಡ್ ಸ್ಕೇಟಿಂಗ್‌ನಲ್ಲಿ ಇದ್ದ 36 ಪದಕಗಳಲ್ಲಿ 23 ಡಚ್ಚರ ಪಾಲಾದವು. ಕಾಲುವೆಯ ಮಂಜು ಕರಗುತ್ತಾ ಹೋದಂತೆ ಪದಕ ಏರಿದೆ, ಯಾಕೆಂದರೆ ಕಲಿಕೆ ನಡೆಯುವುದು ಹೀರೆನ್‌ವೇನ್‌ನ ಥಿಯಾಲ್ಫ್‌ನಂಥ ಛಾವಣಿಯ ಅಂಗಣಗಳಲ್ಲಿ, ಯಂತ್ರ ತಯಾರಿಸಿದ ಮಂಜಿನ ಮೇಲೆ, ಸಂಬಳ ಪಡೆಯುವ ತಂಡಗಳಲ್ಲಿ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಪರಂಪರೆಯನ್ನು ಹೀಗೆ ತಳ್ಳಿಹಾಕಬಹುದೇ? ಮೂರೂವರೆ ದಶಲಕ್ಷ ಜನರ ಮಂಗೋಲಿಯಾ ಕುಸ್ತಿ, ಜೂಡೊಗಳಲ್ಲಿ ಇಷ್ಟು ಗೆದ್ದು ಈಜಿನಲ್ಲೋ ಟೆನಿಸ್‌ನಲ್ಲೋ ಗೆಲ್ಲದಿರುವುದು ಆಕಸ್ಮಿಕವೇ? ಅಲ್ಲ. ಪರಂಪರೆ ಕೊಡುವುದು ಬಹಳವಿದೆ. ಪಟ್ಟು ಹಾಕುವುದನ್ನು ನೋಡಿ ಅರ್ಥಮಾಡಿಕೊಳ್ಳುವ ಪ್ರೇಕ್ಷಕರನ್ನು, ಮಗ ಕುಸ್ತಿಗೆ ಹೋಗುತ್ತೇನೆಂದರೆ ಬೇಡವೆನ್ನದ ತಂದೆಯನ್ನು, ಸೋಲಿಸಲು ಸಿಗುವ ಸಾವಿರ ಜೊತೆಗಾರರನ್ನು ಅದು ಕೊಡುತ್ತದೆ. ಆದರೆ ಇದೆಲ್ಲ ರಕ್ತದ ಮೂಲಕ ಬರುವುದಿಲ್ಲ, ಹಬ್ಬದ ಮೂಲಕ ಬರುತ್ತದೆ. ನಾದಮ್ ಎಂಬುದೇ ಒಂದು ಸಂಸ್ಥೆ. ಅದಕ್ಕೆ ದಿನಾಂಕವಿದೆ, ನಿಯಮವಿದೆ, ಬಿರುದುಗಳಿವೆ, ಸರ್ಕಾರದ ಖರ್ಚಿದೆ. ಈಗಿನ ರೂಪದ ರಾಷ್ಟ್ರೀಯ ಹಬ್ಬ 1921ರ ಕ್ರಾಂತಿಯ ನೆನಪಿಗೆ ನಡೆಯುವಂಥದ್ದು. ಪರಂಪರೆಯೆಂದು ನಾವು ಕರೆಯುವುದರಲ್ಲಿ ಬಹುಪಾಲು ಯಾರೋ ಪ್ರತಿ ವರ್ಷ ಕೂತು ಲೆಕ್ಕ ಹಾಕಿ, ಡೇರೆ ಹೊಡೆದು, ದುಡ್ಡು ಹೊಂದಿಸಿ ಉಳಿಸಿಕೊಂಡು ಬಂದದ್ದು. ಆ ದುಡಿಮೆಯನ್ನು ಕಾಣದೆ ಅದಕ್ಕೆ ರಕ್ತವೆಂದು ಹೆಸರಿಡುವುದೇ ನನ್ನ ತಕರಾರು.

ರಕ್ತವಾದ ಎಷ್ಟು ಪೊಳ್ಳೆಂಬುದಕ್ಕೆ 1964ರ ಟೋಕಿಯೊ ಇನ್ನೊಂದು ಪಾಠ. ಮಂಗೋಲಿಯಾ ಮೊದಲ ಬಾರಿ ಪಾಲ್ಗೊಂಡ ಆ ಬೇಸಿಗೆ ಒಲಿಂಪಿಕ್ಸ್‌ನಲ್ಲೇ ಜೂಡೊ ಕೂಡ ಮೊದಲ ಬಾರಿ ಸೇರಿತ್ತು. ಜೂಡೊ ಎಂದರೆ ಜಪಾನೀಯರ ಆತ್ಮ, ಹೊರಗಿನವರಿಗೆ ಅದರ ಒಳಗುಟ್ಟು ದಕ್ಕದು ಎಂಬ ನಂಬಿಕೆ ಜಪಾನ್‌ನಲ್ಲೂ ಹೊರಗೂ ಇತ್ತು. ಮುಕ್ತ ವಿಭಾಗದ ಫೈನಲ್‌ನಲ್ಲಿ ಉಟ್ರೆಕ್ಟ್‌ನ ಆಂಟನ್ ಗೀಸಿಂಕ್ ಜಪಾನಿನ ಅಕಿಯೊ ಕಮಿನಾಗರನ್ನು ಬುಡೊಕಾನ್‌ನ ಚಾಪೆಗೆ ಒತ್ತಿ ಹಿಡಿದು ಗೆದ್ದರು. ಡಚ್ ಬೆಂಬಲಿಗನೊಬ್ಬ ಸಂಭ್ರಮದಿಂದ ಚಾಪೆಯ ಮೇಲೆ ಓಡಿಬಂದ. ಇನ್ನೂ ಎದುರಾಳಿಯ ಬಳಿಯೇ ಇದ್ದ ಗೀಸಿಂಕ್ ಕೈ ಎತ್ತಿ ಅವನನ್ನು ತಡೆದರು. ಮೊದಲು ವಂದನೆ, ಆಮೇಲೆ ಸಂಭ್ರಮ. ಜಪಾನೀ ಪ್ರೇಕ್ಷಕರು ಆ ಡಚ್ಚನನ್ನು ಗೌರವಿಸಿದ್ದು ಗೆದ್ದದ್ದಕ್ಕಿಂತ ಹೆಚ್ಚಾಗಿ ಆ ಕೈಗಾಗಿ. ಜೂಡೊದ ಆತ್ಮವೆಂಬುದೊಂದು ಇದ್ದರೆ ಅದು ಅಲ್ಲಿ ಆರೂವರೆ ಅಡಿಯ ಉಟ್ರೆಕ್ಟ್‌ನವನ ಅಂಗೈಯಲ್ಲಿತ್ತು. ಅದು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಹಾಕು ಮಿಚಿಗಾಮಿ ಎಂಬ ಜಪಾನೀ ಗುರು ಕಲಿಸಿದ್ದರು, ಗೀಸಿಂಕ್ ಜಪಾನಿಗೇ ಹೋಗಿ ತೆನ್ರಿ ವಿಶ್ವವಿದ್ಯಾಲಯದಲ್ಲಿ ಅಭ್ಯಾಸ ಮಾಡಿ ಬಂದಿದ್ದರು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ.

ಆಮ್‌ಸ್ಟರ್‌ಡ್ಯಾಮ್‌ನ ಅಂಚಿನಲ್ಲಿ ದೊಡ್ಡದೊಂದು ಕಾಡಿದೆ. 1930ರ ದಶಕದಲ್ಲಿ ನಿರುದ್ಯೋಗಿಗಳಿಗೆ ಕೂಲಿ ಕೊಟ್ಟು ನೆಡಿಸಿದ ಕಾಡು ಅದು. ಅದರೊಳಗಿರುವ ವ್ಯಾಗೆನರ್ ಕ್ರೀಡಾಂಗಣದಲ್ಲಿ 1973ರ ವಿಶ್ವಕಪ್ ನಡೆಯಿತು. ಭಾರತದ ನಾಯಕ ಕೊಡಗಿನ ಎಂ.ಪಿ. ಗಣೇಶ್. ಮುನ್ಪಡೆಯಲ್ಲಿ ಸೋಮವಾರಪೇಟೆಯ ಬಿ.ಪಿ. ಗೋವಿಂದ. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಬಂದ ತಂಡ ಫೈನಲ್‌ನ ಆರಂಭದಲ್ಲೇ ಸುರ್ಜಿತ್ ಸಿಂಗ್ ಅವರ ಎರಡು ಗೋಲುಗಳಿಂದ 2–0 ಮುಂದಿತ್ತು. ಟೀಸ್ ಕ್ರೌಜೆ ಪೆನಾಲ್ಟಿ ಕಾರ್ನರ್‌ಗಳಲ್ಲಿ ಎರಡನ್ನೂ ತೀರಿಸಿದರು. ಹೆಚ್ಚುವರಿ ಅವಧಿಯಲ್ಲಿ, ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ಹೊತ್ತಿನಲ್ಲಿ, ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಗೋವಿಂದ ಹೊಡೆದರು, ಗೋಲ್‌ಕೀಪರ್ ಮಾರ್ಟೆನ್ ಸಿಕಿಂಗ್ ತಡೆದರು. ಆಮೇಲಿನ ಸ್ಟ್ರೋಕ್‌ಗಳಲ್ಲಿ ಭಾರತ 4–2ರಿಂದ ಸೋತಿತು.

ಇದನ್ನು ನಾವು ಐವತ್ತು ವರ್ಷಗಳಿಂದ ಹೇಳುವುದು ಹೇಗೆ? ಗೋವಿಂದ ಆ ಸ್ಟ್ರೋಕ್ ತಪ್ಪಿಸಿದರು, ನಮ್ಮ ಹಣೆಬರಹ. ಗೆದ್ದರೆ ರಕ್ತ, ಸೋತರೆ ಹಣೆಬರಹ. ಎರಡೂ ಉತ್ತರಗಳು ಒಂದೇ ಜಾಡಿನವು. ನಡುವೆ ನಡೆದ ಆಟವನ್ನು ಎರಡೂ ನೋಡುವುದಿಲ್ಲ. ಎರಡು ಗೋಲಿನ ಮುನ್ನಡೆ ಯಾಕೆ ಕರಗಿತು ಎಂದು ಕೇಳಿದ್ದರೆ, ಪೆನಾಲ್ಟಿ ಕಾರ್ನರನ್ನು ಡಚ್ಚರು ಒಂದು ವಿದ್ಯೆಯಂತೆ ವರ್ಷಗಟ್ಟಲೆ ತಿದ್ದಿ ತೀಡಿದ್ದು ಅಂದೇ ಕಣ್ಣಿಗೆ ಬೀಳುತ್ತಿತ್ತು. ಇನ್ನೊಂದು ಮಾತು ಇಲ್ಲೇ ಹೇಳಬೇಕು. 1976ರ ಮಾಂಟ್ರಿಯಲ್‌ನಲ್ಲಿ ಕೃತಕ ಹಾಸು ಬಂದದ್ದರಿಂದಲೇ ಭಾರತೀಯ ಹಾಕಿ ಸತ್ತಿತೆಂಬುದು ನಮ್ಮಲ್ಲಿ ವೇದವಾಕ್ಯದಂತಾಗಿದೆ. ಹಾಸು ನಮಗೆ ಹೊಡೆತ ಕೊಟ್ಟದ್ದು ಸುಳ್ಳಲ್ಲ. ಅದನ್ನು ಹಾಕಿಸುವ ಹಣ ಯುರೋಪಿಗೆ ಇತ್ತು, ನಮಗಿರಲಿಲ್ಲ. ಆದರೆ 1968 ಮತ್ತು 1972ರ ಒಲಿಂಪಿಕ್ಸ್‌ನಲ್ಲಿ ನಾವು ಕಂಚಿಗೆ ಇಳಿದದ್ದು ಹುಲ್ಲಿನ ಮೇಲೆ. 1973ರ ಆಮ್ಸ್ಟೆಲ್‌ವೀನ್ ಕೂಡ ಹುಲ್ಲು. 1975ರಲ್ಲಿ ಕ್ವಾಲಾಲಂಪುರದಲ್ಲಿ ಗೆದ್ದ ವಿಶ್ವಕಪ್ಪಿನ ಸಂಭ್ರಮ ಈ ಇಳಿಜಾರನ್ನು ಮರೆಮಾಡಿತು.

ಇಲ್ಲಿ ಮಂಗೋಲಿಯಾದ ಜೂಡೊ ಪಟುಗಳನ್ನು ನೆನೆಯಬೇಕು. 2010ರಲ್ಲಿ ಅಂತಾರಾಷ್ಟ್ರೀಯ ಜೂಡೊ ಒಕ್ಕೂಟ ಎದುರಾಳಿಯ ಕಾಲಿಗೆ ನೇರವಾಗಿ ಕೈ ಹಾಕುವ ಪಟ್ಟುಗಳನ್ನು ನಿಷೇಧಿಸಿತು, 2013ರಲ್ಲಿ ನಿಷೇಧ ಇನ್ನೂ ಬಿಗಿಯಾಯಿತು. ಮಂಗೋಲಿಯಾದ ಕುಸ್ತಿಯಲ್ಲಿ ಕಾಲು ಹಿಡಿಯುವುದು ಸಹಜ ವಿದ್ಯೆ. ಹುಲ್ಲಿನ ಹಾಕಿ ನಮಗೆ ಹೇಗೋ ಹಾಗೆ. ಅವರ ಸೊತ್ತನ್ನೇ ನಿಯಮ ಕಿತ್ತುಕೊಂಡಿತ್ತು. ಆದರೂ ತುವ್‌ಶಿನ್‌ಬಾಯರ್ 2012ರ ಲಂಡನ್‌ನಲ್ಲಿ ಬೆಳ್ಳಿ ಗೆದ್ದರು. ಉರಾಂತ್ಸೆತ್ಸೆಗ್ 2013ರಲ್ಲಿ, ಸುಮಿಯಾ 2017ರಲ್ಲಿ ವಿಶ್ವ ಚಾಂಪಿಯನ್ ಆದರು. ನಿಯಮ ಬದಲಾದಾಗ ಅವರು ಹಿಡಿತ ಬದಲಿಸಿದರು. ಇದು ರಕ್ತದ ಕೆಲಸವಲ್ಲ. ರಕ್ತಕ್ಕೆ ನಿಯಮಪುಸ್ತಕ ಓದಲು ಬರುವುದಿಲ್ಲ, ತರಬೇತುದಾರನಿಗೆ ಬರುತ್ತದೆ.

ಹಾಕಿ ಡಚ್ಚರ ರಕ್ತದಲ್ಲೂ ಇರಲಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚಿನವರೆಗೂ ಅವರು ಆಡುತ್ತಿದ್ದದ್ದು ಬೇರೆಯೇ ಹಾಕಿ: ಮೆತ್ತನೆಯ ಚೆಂಡು, ಎರಡೂ ಕಡೆ ಚಪ್ಪಟೆಯಾದ ಕೋಲು, ತಮ್ಮದೇ ನಿಯಮ. ಒಲಿಂಪಿಕ್ಸ್ ತಮ್ಮೂರಿಗೆ ಬರುತ್ತದೆಂದು ಅಂತಾರಾಷ್ಟ್ರೀಯ ನಿಯಮಕ್ಕೆ ಬದಲಾದರು, ಫೈನಲ್ ತಲುಪಿದರು, ಧ್ಯಾನ್‌ಚಂದ್ ಆಡುತ್ತಿದ್ದ ಭಾರತದ ಕೈಯಲ್ಲಿ 0–3ರಿಂದ ಸೋತರು. ಆ ಭಾರತ ತಂಡದಲ್ಲಿದ್ದ ರೆಕ್ಸ್ ನಾರಿಸ್ 1950ರ ದಶಕದಲ್ಲಿ ಇದೇ ಡಚ್ಚರಿಗೆ ತರಬೇತುದಾರರಾದರು. ಸೋಲಿಸಿದವರನ್ನು ಕರೆದು ಕಲಿತವರು ಇವರು. 2024ರ ಪ್ಯಾರಿಸ್‌ನಲ್ಲಿ ಪುರುಷರ ಮತ್ತು ಮಹಿಳೆಯರ ಎರಡೂ ಹಾಕಿ ಚಿನ್ನ ನೆದರ್ಲೆಂಡ್ಸ್‌ಗೆ ಬಂದವು.

ಇಲ್ಲಿನ ಶನಿವಾರದ ಬೆಳಗನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ನಾನು ಹೋಗುವ ಕ್ಲಬ್ಬಿನಲ್ಲಿ ಎಂಟೂವರೆಗೇ ಹಾಸಿನ ಮೇಲೆ ಮಕ್ಕಳು ತುಂಬಿರುತ್ತಾರೆ. ಒಂದು ಮೈದಾನವನ್ನು ನಾಲ್ಕು ತುಂಡು ಮಾಡಿ, ನಾಲ್ಕರಲ್ಲೂ ಏಳೆಂಟು ವರ್ಷದವರ ಪಂದ್ಯ. ಬಾಯಿಗೆ ರಕ್ಷಾಕವಚ, ಮೊಣಕಾಲ ಕೆಳಗೆ ಪ್ಯಾಡ್ ಇಲ್ಲದ ಮಗುವನ್ನು ಒಳಗೆ ಬಿಡುವುದಿಲ್ಲ. ಸೀಟಿ ಹಿಡಿದವಳು ಒಂದು ಮಗುವಿನ ತಾಯಿ. ಕ್ಯಾಂಟೀನಿನಲ್ಲಿ ಕಾಫಿ ಬಸಿಯುತ್ತಿರುವವನು ಇನ್ನೊಂದು ಮಗುವಿನ ಅಪ್ಪ, ಸರದಿಯ ಪಟ್ಟಿಯಲ್ಲಿ ಅಂದು ಅವನ ಹೆಸರಿದೆ. ಮಳೆ ಬಂದರೂ ಆಟ ನಿಲ್ಲುವುದಿಲ್ಲ. ತೀರಾ ಸಾಧಾರಣವಾಗಿ ಆಡುವ ಮಗುವಿಗೂ ಒಂದು ತಂಡವಿದೆ, ಪ್ರತಿ ವಾರ ಒಂದು ಪಂದ್ಯವಿದೆ. 1.8 ಕೋಟಿ ಜನರ ದೇಶದಲ್ಲಿ ಹಾಕಿ ಒಕ್ಕೂಟದ ಸದಸ್ಯರು ಎರಡೂವರೆ ಲಕ್ಷದ ಆಸುಪಾಸು. ಆಯ್ಕೆಗಾರನ ಕಣ್ಣಿಗೆ ಬೀಳುವ ಹದಿನೆಂಟು ಮಂದಿ ಈ ರಾಶಿಯಿಂದ ಏಳುತ್ತಾರೆ.

ಇದನ್ನು ಸ್ವರ್ಗವೆಂದು ತೋರಿಸುವುದು ನನ್ನ ಉದ್ದೇಶವಲ್ಲ. ಇಲ್ಲಿ ಹಾಕಿ ಉಳ್ಳವರ ಆಟ, ಬಿಳಿಯರ ಆಟ ಎಂಬ ಟೀಕೆ ಡಚ್ಚರೊಳಗೇ ಇದೆ, ಅದು ನಿಜವೂ ಹೌದು. ಸದಸ್ಯತ್ವದ ಹಣ, ಕೋಲು, ಬೂಟು, ಮಕ್ಕಳನ್ನು ಊರೂರಿಗೆ ಕರೆದೊಯ್ಯಲು ಕಾರು ಎಲ್ಲ ಸೇರಿದರೆ ಮೊರೊಕ್ಕೊ, ತುರ್ಕಿ ಮೂಲದ ಕೂಲಿ ಕುಟುಂಬಗಳ ಮಕ್ಕಳು ಅಲ್ಲಿ ಕಾಣುವುದೇ ಅಪರೂಪ, ಅವರು ಫುಟ್‌ಬಾಲ್‌ಗೆ ಹೋಗುತ್ತಾರೆ. ದೊಡ್ಡ ಊರುಗಳ ಕ್ಲಬ್‌ಗಳಲ್ಲಿ ಕಾಯುವವರ ಪಟ್ಟಿ ಉದ್ದವಿದೆ. ಸಂಸ್ಥೆ ಎಂದ ಮೇಲೆ ಅದು ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗಿಡುತ್ತದೆ ಎಂದು ಕೇಳಬೇಕು. ರಕ್ತವೆಂದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಕೊಡಗಿಗೂ ಇದೇ ಪ್ರಶ್ನೆ ಹಾಕೋಣ. ಕೊಡವರ ರಕ್ತದಲ್ಲೇ ಹಾಕಿ ಇದೆ ಎಂಬ ಮಾತಿನ ಬೇರು ಬ್ರಿಟಿಷರು ಸೈನ್ಯ ಭರ್ತಿಗಾಗಿ ಹೊಸೆದ 'ಮಾರ್ಷಲ್ ರೇಸ್' ಸಿದ್ಧಾಂತದಲ್ಲಿದೆ. ಹಾಕಿಗೆ ಈಗಿನ ನಿಯಮ ರೂಪುಗೊಂಡದ್ದೇ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅದು ಕೊಡಗಿಗೆ ಬಂದದ್ದು ಸೈನ್ಯ ಮತ್ತು ಶಾಲೆಗಳ ಮೂಲಕ. ಎಂ.ಪಿ. ಗಣೇಶ್ ಅವರನ್ನೇ ನೋಡಿ: ಮೊದಲು ಫುಟ್‌ಬಾಲ್ ಆಡುತ್ತಿದ್ದವರು, ಸೈನ್ಯ ಸೇರಿದ ಮೇಲೆ ಸರ್ವಿಸಸ್ ತಂಡದಲ್ಲಿ ಹಾಕಿ ಪಟುವಾಗಿ ಬೆಳೆದವರು. ಆ ಸೈನ್ಯದ ಮೈದಾನ ಇಲ್ಲದಿದ್ದರೆ ಆಮ್ಸ್ಟೆಲ್‌ವೀನ್‌ನಲ್ಲಿ ಭಾರತಕ್ಕೆ ಬೇರೆ ನಾಯಕ ಇರುತ್ತಿದ್ದ. ಇನ್ನು ಎಸ್.ವಿ. ಸುನಿಲ್. ಸೋಮವಾರಪೇಟೆಯ ಬಡಗಿಯ ಮಗ, ಬಿದಿರಿನ ಕೋಲಿನಲ್ಲಿ ಆಟ ಕಲಿತು ಎರಡು ಒಲಿಂಪಿಕ್ಸ್ ಆಡಿದವರು. ಯೋಧ ಮನೆತನದ ರಕ್ತದ ಕಥೆಯಲ್ಲಿ ಅವರಿಗೆ ಜಾಗವೇ ಇಲ್ಲ. ಕೊಡಗಿನ ಹಾಕಿಯ ಕಥೆಯಲ್ಲಿ ಅವರು ಮುಖ್ಯರು.

ಕೊಡವರ ಹೆಮ್ಮೆಯನ್ನು ನಾನು ಕಿತ್ತುಕೊಳ್ಳುತ್ತಿಲ್ಲ. ಹೆಮ್ಮೆಪಡಬೇಕಾದದ್ದು ಎಲ್ಲಿದೆ ಎಂದು ತೋರಿಸುತ್ತಿದ್ದೇನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಒಕ್ಕಗಳನ್ನು, ಅಂದರೆ ಕೊಡವ ಮನೆತನಗಳನ್ನು, ಸೇರಿಸಿ ಕೊಡವ ಹಾಕಿ ನಮ್ಮೆ ಆರಂಭಿಸಿದರು. 2024ರ ಹೊತ್ತಿಗೆ ನಾಪೋಕ್ಲಿನಲ್ಲಿ ಸೇರಿದ ಒಕ್ಕಗಳು 360. ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಆಡುವ ಇಂಥ ಹಬ್ಬ ಹಾಕಿಯ ಲೋಕದಲ್ಲಿ ಬೇರೆಲ್ಲೂ ಇಲ್ಲ. ಇದು ರಕ್ತದಿಂದ ಹುಟ್ಟಿದ್ದಲ್ಲ. ಒಬ್ಬ ಮನುಷ್ಯ ಯೋಚಿಸಿದ, ಪ್ರತಿ ವರ್ಷ ಒಂದು ಒಕ್ಕ ಸ್ವಂತ ದುಡ್ಡು ಸುರಿದು ನಡೆಸಿತು. ಆದರೆ ನಮ್ಮೆ ಬೇಸಿಗೆಯ ಕೆಲವು ವಾರಗಳ ಹಬ್ಬ. ಅದು ಒಲಿಂಪಿಯನ್‌ರನ್ನು ತಯಾರಿಸುವ ಕಾರ್ಖಾನೆಯಲ್ಲ, ಹಾಗೆ ಹೇಳಿಕೊಂಡೂ ಇಲ್ಲ. ವರ್ಷದ ಉಳಿದ ತಿಂಗಳುಗಳು ಕೂಡಿಗೆಯ ಕ್ರೀಡಾಶಾಲೆಯಂಥ ಕಡೆಗಳಿಗೆ, ತಾಲ್ಲೂಕು ಮೈದಾನಗಳಿಗೆ, ಕ್ರೀಡಾ ಇಲಾಖೆಗೆ ಸೇರಿದವು.

ಗಣೇಶ್, ಗೋವಿಂದ, ಪಿ.ಇ. ಕಾಳಯ್ಯ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಸುನಿಲ್. ಇಂಥ ಸಾಲನ್ನು ಕೊಟ್ಟ ಜಿಲ್ಲೆ ಅದು. ಟೋಕಿಯೊದಲ್ಲಿ 41 ವರ್ಷಗಳ ನಂತರ ಭಾರತ ಹಾಕಿ ಪದಕ ಗೆದ್ದ ತಂಡದಲ್ಲಿ ಕೊಡಗಿನವರು ಯಾರಿದ್ದರು? ಯಾರೂ ಇರಲಿಲ್ಲ. ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಗೆದ್ದ ತಂಡದಲ್ಲಿ? ಅಲ್ಲೂ ಇಲ್ಲ. ಅಷ್ಟೇ ಅಲ್ಲ, ಇಡೀ ಕರ್ನಾಟಕದಿಂದ ಒಬ್ಬರೂ ಇರಲಿಲ್ಲ. ಎರಡೂ ಬಾರಿ ಒಡಿಶಾದ ಸುಂದರ್‌ಗಢಕ್ಕೆ ತಂಡದಲ್ಲಿ ಜಾಗವಿತ್ತು. 2018ರಿಂದ ರಾಷ್ಟ್ರೀಯ ತಂಡದ ಪ್ರಾಯೋಜಕತ್ವ ವಹಿಸಿಕೊಂಡ ರಾಜ್ಯ ಒಡಿಶಾ. ಅಲ್ಲಿ ಹಾಸು, ಹಾಸ್ಟೆಲ್, ಕ್ರೀಡಾಂಗಣಕ್ಕೆ ಸರ್ಕಾರ ದುಡ್ಡು ಹಾಕಿತು. ಕೊಡಗಿನ ರಕ್ತ 2016ರ ನಂತರ ಒಣಗಿತೆಂದು ಯಾರಾದರೂ ವಾದಿಸುತ್ತಾರೆಯೇ?

ಕ್ರೀಡೆಯ ಬಗ್ಗೆ ಕನ್ನಡದಲ್ಲಿ ಬರೆಯುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು. ಮಂಗೋಲಿಯಾದ ಹೆಣ್ಣುಮಗಳೊಬ್ಬಳು ಮುಂದಿನ ಕೂಟದಲ್ಲಿ ಪದಕ ಗೆದ್ದಾಗ ಆಕೆಯ ಕ್ಲಬ್ಬಿನ ಹೆಸರು, ಕಲಿಸಿದವರ ಹೆಸರು, ಸಂಬಳ ಕೊಟ್ಟವರ ಹೆಸರು ಬರೆಯಿರಿ, ಚೆಂಗೀಸ್ ಖಾನನನ್ನು ಬಿಡಿ. ಕೊಡಗಿನಿಂದ ಒಬ್ಬ ಹುಡುಗ ಶಿಬಿರಕ್ಕೆ ಆಯ್ಕೆಯಾದರೆ ಅವನ ಊರಿನಿಂದ ಹತ್ತಿರದ ಹಾಸು ಎಷ್ಟು ದೂರವಿದೆ, ಬಸ್ಸು ಎಷ್ಟು ಹೊತ್ತಿಗಿದೆ, ತರಬೇತುದಾರನ ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳಿ ಬರೆಯಿರಿ. 2026ರ ವಿಶ್ವಕಪ್ಪಿನ ಆತಿಥ್ಯ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಪಾಲಿಗೆ ಬಂದಿದೆ. ಇಲ್ಲಿನ ಪಂದ್ಯಗಳಿಗೆ ಗೊತ್ತುಮಾಡಿರುವುದು ಗಣೇಶ್ ಮತ್ತು ಗೋವಿಂದ ಆಡಿದ ಆ ವ್ಯಾಗೆನರ್ ಕ್ರೀಡಾಂಗಣವನ್ನೇ. ಆಗ 1973ರ ಸ್ಟ್ರೋಕನ್ನು ನಾವೆಲ್ಲ ಮತ್ತೆ ನೆನೆಯುತ್ತೇವೆ. ನೆನೆಯುವಾಗ ಅದು ಗೋವಿಂದ ಒಬ್ಬರ ತಪ್ಪು ಎಂಬ ಮಾತನ್ನು ದಯವಿಟ್ಟು ಮತ್ತೆ ಬರೆಯಬೇಡಿ.